ಉಚ್ಚಂಗಮ್ಮನ ಎಂಬತ್ತೊಂದು ಕೆಜಿ

ನನ್ನ ಗಂಡನ ಅಕ್ಕ ಉಚ್ಚಂಗಮ್ಮನಿಗೂ ನನಗೂ ಹದಿನೇಳು ವರ್ಷ ಸರಿಬರಲಿಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಅಜ್ಜಂಪುರದಿಂದ ಇನ್ಯಾರೋ ಬಂದು ಹೇಳುವುದು ಬೇಡ. ಅಕ್ಕ ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ನಾವಿರುವುದು ಕಡೂರಿನಲ್ಲಿ. ನಾನು ದಿನಾ ಬಸ್ಸಿನಲ್ಲಿ ಸಿಂಗಟಗೆರೆಗೆ ಹೋಗಿ ಪಂಚಾಯಿತಿ ಗ್ರಂಥಾಲಯದ ಬಾಗಿಲು ತೆಗೆಯುವವಳು; ನನ್ನ ಗಂಡ ಪ್ರಕಾಶ್ ಬೋರ್‌ವೆಲ್ ಮೋಟರ್ ರೀವೈಂಡಿಂಗ್ ಮಾಡುವವರು. ಅವರಿಗೆ ಆರು ವರ್ಷವಿದ್ದಾಗ ತಾಯಿ ತೀರಿಕೊಂಡರಂತೆ. ಆಗ ಹದಿನಾಲ್ಕು ವರ್ಷದ ಅಕ್ಕನೇ ತಮ್ಮನನ್ನು ಸಾಕಿದ್ದು. ಹುಡುಗನಿಗೆ ತಾಯಿ ಇಲ್ಲ, ನಮ್ಮ ಭುವನಾಗೆ ಅತ್ತೆಯ ಕಾಟವಿಲ್ಲ ಎಂದು ನನ್ನ ತವರಿನವರು ಹಿಗ್ಗಿದ್ದರು. ಆ ಹಿಗ್ಗು ಒಂದು ವಾರ ಉಳಿಯಿತು.

ಎರಡು ವರ್ಷದ ಕೆಳಗೆ ಪ್ರಕಾಶ್‌ಗೆ ಎರಡು ಕಿಡ್ನಿಯೂ ಕೈಕೊಟ್ಟವು. ಮಂಗಳವಾರ ಮತ್ತು ಶುಕ್ರವಾರ ಕಡೂರಿನ ಆಸ್ಪತ್ರೆಯಲ್ಲಿ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್. ಕಿಡ್ನಿ ಕೊಡಲು ನಾನು ತಯಾರಿದ್ದೆ, ನನ್ನ ರಕ್ತದ ಗುಂಪು ಹೊಂದಲಿಲ್ಲ. ಅಕ್ಕನದು ಹೊಂದಿತು. ಬೆಂಗಳೂರಿನ ಡಾಕ್ಟರು ವಿಷಯ ವಿವರಿಸುತ್ತಿದ್ದ ಹಾಗೇ ಅಕ್ಕ "ತಗಳಿ ಸಾರ್, ಅದ್ಕೇನಂತೆ" ಎಂದುಬಿಟ್ಟರು. ಡಾಕ್ಟರು ಅವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಎತ್ತರ ಐದಡಿ, ತೂಕ ಎಂಬತ್ತೊಂದು ಕೆಜಿ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಗಡಿಯ ಮೇಲೆ ನಿಂತಿತ್ತು. ಈ ಮೈಯಲ್ಲಿ ಒಂದು ಕಿಡ್ನಿ ತೆಗೆದರೆ ಉಳಿದ ಒಂದಕ್ಕೆ ಭಾರವಾಗುತ್ತದೆ, ಎಪ್ಪತ್ತೆರಡು ಎಪ್ಪತ್ತಮೂರಕ್ಕೆ ಇಳಿಯಲೇಬೇಕು, ಸಕ್ಕರೆ ಒಂದಿಷ್ಟೂ ಏರಕೂಡದು, ನಾಲ್ಕು ತಿಂಗಳು ಬಿಟ್ಟು ನೋಡೋಣ ಎಂದರು.

"ಕಿಡ್ನಿ ಎಷ್ಟು ತೂಗ್ತದೆ ಸಾರ್?" ಎಂದು ಅಕ್ಕ ಕೇಳಿದರು.

"ಸುಮಾರು ನೂರೈವತ್ತು ಗ್ರಾಂ."

"ನೂರೈವತ್ತು ಗ್ರಾಂ ಕೊಡೋಕೆ ಒಂಬತ್ತು ಕೆಜಿ ಇಳಿಸ್ಬೇಕಾ?"

ಡಾಕ್ಟರು ನಕ್ಕು ನಮ್ಮನ್ನು ಆಹಾರ ತಜ್ಞೆ ನಿಶ್ಚಿತಾ ಮೇಡಂ ಹತ್ತಿರ ಕಳಿಸಿದರು. ಆ ಹುಡುಗಿ ಒಳ್ಳೆಯವಳು. ಗ್ಲೈಸೆಮಿಕ್ ಇಂಡೆಕ್ಸ್ ಎಂಬುದನ್ನು ಬಹಳ ತಾಳ್ಮೆಯಿಂದ ಬಿಡಿಸಿ ಹೇಳಿದಳು. ತಿಂದ ಪದಾರ್ಥ ರಕ್ತದಲ್ಲಿ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎಂಬುದಕ್ಕೆ ಒಂದು ಅಂಕಿ. ಅಂಕಿ ಕಡಿಮೆಯಿದ್ದರೆ ನಿಧಾನ, ಹೆಚ್ಚಿದ್ದರೆ ಅವಸರ. ನಿಧಾನದ್ದು ತಿಂದರೆ ಬೇಗ ಹಸಿವಾಗುವುದಿಲ್ಲ, ತೂಕವೂ ಇಳಿಯುತ್ತದೆ.

"ತೆಂಗಿನ ಗರಿ ಒಲೆಗಿಟ್ರೆ ಬುಗ್ ಅಂತ ಹತ್ಕಂಡು ಆರೋಯ್ತದೆ, ಹುಣಸೆ ಕೊರಡಾದ್ರೆ ಹೊತ್ತುಗಟ್ಲೆ ಉರೀತದೆ. ಅಷ್ಟೇ ತಾನೆ ಮೇಡಮ್ಮೋರೆ?" ಎಂದರು ಅಕ್ಕ.

"ಅಷ್ಟೇ ಅಮ್ಮ," ಎಂದು ಹುಡುಗಿ ಖುಷಿಪಟ್ಟಳು. ಕೆಂಪು, ಹಳದಿ, ಹಸಿರು ಮೂರು ಬಣ್ಣದಲ್ಲಿ ಒಂದು ಪಟ್ಟಿ ಕೊಟ್ಟಳು, ತಿಂದದ್ದನ್ನೆಲ್ಲ ಬರೆದಿಡಲು ಒಂದು ನೋಟ್‌ಬುಕ್ಕೂ ಕೊಟ್ಟಳು. ಬಸ್ಸು ಹತ್ತುವಾಗ ನನಗೆ ಎಲ್ಲವೂ ಸ್ಪಷ್ಟವಾಗಿತ್ತು. ಅದೇ ಕೊನೆ, ಆಮೇಲೆ ನನಗೆ ಯಾವುದೂ ಸ್ಪಷ್ಟವಾಗಲಿಲ್ಲ.

ಗ್ರಂಥಾಲಯದವಳೆಂಬ ಜಂಬ ನನಗೆ ಸ್ವಲ್ಪ ಇದೆ. ಒಂದೇ ಪಟ್ಟಿಯನ್ನು ನಂಬಿ ಕೂರುವುದೇಕೆ ಎಂದು ಪತ್ರಿಕೆಗಳ ಆರೋಗ್ಯದ ಪುಟಗಳನ್ನೆಲ್ಲ ಕತ್ತರಿಸಿ, ಮೊಬೈಲಿನಲ್ಲಿ ಸಿಕ್ಕಿದ್ದನ್ನು ಗುರುತು ಹಾಕಿಕೊಂಡು, ಸ್ಕೇಲು ಹಿಡಿದು ಗೆರೆ ಎಳೆದು ಹೋಲಿಸತೊಡಗಿದೆ. ರಾಗಿಯಲ್ಲೇ ಮುಗ್ಗರಿಸಿದೆ. ನಿಶ್ಚಿತಾ ಮೇಡಂ ಪಟ್ಟಿಯಲ್ಲಿ ರಾಗಿ ಮುದ್ದೆ ಹಳದಿ. ಒಂದು ಪತ್ರಿಕೆಯಲ್ಲಿ ಅದು ಅಪ್ಪಟ ಹಸಿರು, ಸಕ್ಕರೆ ಇದ್ದವರಿಗೆ ವರ. ಇನ್ನೊಂದರಲ್ಲಿ ನುಣ್ಣಗೆ ಬೀಸಿದ ರಾಗಿಹಿಟ್ಟು ಅಕ್ಕಿಗಿಂತ ಕಡೆ. ಕಲ್ಲಂಗಡಿ ಹಣ್ಣಿನ ಅಂಕಿ ಐಸ್‌ಕ್ರೀಮಿನ ಅಂಕಿಗಿಂತ ಮೇಲೆ! ಬಿಸಿ ಅನ್ನಕ್ಕೆ ಒಂದು ಅಂಕಿ, ತಂಗಳನ್ನಕ್ಕೆ ಬೇರೆ ಅಂಕಿ. ತಂಗಳನ್ನ ಬಿಸಿ ಮಾಡಿದರೆ ಎಷ್ಟು ಎಂದು ಯಾರೂ ಬರೆದಿರಲಿಲ್ಲ. ನಮ್ಮ ಮನೆಯಲ್ಲಿ ಅದೇ ದಿನನಿತ್ಯದ ಊಟ.

ತರೀಕೆರೆಯಲ್ಲಿ ಸಿರಿಧಾನ್ಯದ ಅಂಗಡಿ ಇಟ್ಟಿರುವ ಭೈರೇಶ್ ಎಂಬವರನ್ನು ಕೇಳಿದೆ. ಅವರು ರಾಗಿ, ಅಕ್ಕಿ, ಗೋಧಿ ಮೂರನ್ನೂ ತಲೆಯಾಡಿಸಿ ತಳ್ಳಿಹಾಕಿದರು.

"ಮೇಡಂ, ನವಣೆ ಸಾಮೆ ಬಿಟ್ರೆ ಬೇರೆ ಮಾತೇ ಆಡ್ಬೇಡಿ. ಒಂದು ತಿಂಗ್ಳು ತಿಂದು ನೋಡ್ಲಿ, ನಮ್ಮಂಗಡಿಗೆ ಬಂದು ಕೈ ಮುಗೀತಾರೆ."

ಮೊಬೈಲಿನಲ್ಲಿ ಬರುವ ಇನ್ನೊಬ್ಬ ಡಾಕ್ಟರು ನವಣೆಯನ್ನೂ ಒಪ್ಪುತ್ತಿರಲಿಲ್ಲ. ಕಾಳೇ ಬೇಡ, ಧಾನ್ಯವೇ ಬೇಡ, ಮೊಟ್ಟೆ ಮಾಂಸ ಸೊಪ್ಪು ತಿನ್ನಿ ಎನ್ನುತ್ತಿದ್ದರು. ಇದರ ಮಧ್ಯೆ ನನ್ನ ಗಂಡನ ಪಥ್ಯ ಬೇರೆ. ಅಕ್ಕನಿಗೆ ಹಸಿರು ಬಣ್ಣದಲ್ಲಿದ್ದ ಸೊಪ್ಪು, ಕಾಳು, ಟೊಮ್ಯಾಟೊ ಎಲ್ಲವೂ ಇವರಿಗೆ ಕಂಟಕ, ಪೊಟ್ಯಾಸಿಯಂ ಏರುತ್ತದೆ. ಒಂದು ದಿನ ನಾನು ಎರಡು ಪಟ್ಟಿಯನ್ನೂ ಅಡುಗೆಮನೆಯ ಗೋಡೆಗೆ ಅಕ್ಕಪಕ್ಕ ಅಂಟಿಸಿ, ಯಾರಿಗೆ ಏನು ಬೇಡವೆಂದು ನೋಡುತ್ತಾ ನಿಂತು, ಒಲೆ ಮೇಲಿಟ್ಟ ಹಾಲು ಉಕ್ಕಿಸಿದೆ.

ಕೊನೆಗೆ ಒಂದು ತೀರ್ಮಾನಕ್ಕೆ ಬಂದೆ. ಮೂರು ಪಥ್ಯ, ಒಂದೊಂದಕ್ಕೆ ಒಂದೊಂದು ತಿಂಗಳು. ಯಾವುದರಲ್ಲಿ ಹೆಚ್ಚು ಇಳಿಯುತ್ತದೋ ಅದನ್ನೇ ಮುಂದುವರಿಸುವುದು. ಅಕ್ಕ ಒಪ್ಪಿದರು. ಒಂದೇ ಒಂದು ಮಾತು ಹೇಳಿದರು.

"ಮಂಗ್ಳಾರ ಶುಕ್ರಾರ ನಂಗೆ ಒಪ್ಪತ್ತು ಕಣೇ. ಅವತ್ತು ನಿನ್ ಪಟ್ಟಿ ಬೇಡ."

ತಮ್ಮ ಕಡೆಯ ದೇವತೆ ಅಂತರಘಟ್ಟಮ್ಮನಿಗೆ ಹರಕೆ ಹೊತ್ತಿದ್ದರು. ತಮ್ಮನ ರಕ್ತ ಯಂತ್ರದೊಳಗೆ ಹೋಗಿ ಬರುವ ದಿನ ತಾನು ಮುದ್ದೆ ಉಣ್ಣುವುದಿಲ್ಲ, ಅವನಿಗೆ ಹೊಸ ಕಿಡ್ನಿ ಬರುವತನಕ. ತಮ್ಮನಿಗೆ ಇದನ್ನು ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡರು. ಪ್ರಕಾಶ್ ಐದು ವರ್ಷದ ಹಿಂದೆಯೇ ಮನೆಯ ದೇವರ ಪಟಗಳನ್ನೆಲ್ಲ ಇಳಿಸಿ ಬುದ್ಧನ ಪಟ ಹಾಕಿದವರು. ಅದಕ್ಕೂ ಕೈ ಮುಗಿಯಬೇಡಿ, ಓದಿ ಎನ್ನುವವರು. ಹರಕೆ ಗಿರಕೆ ಎಂದರೆ ಕೆಂಡವಾಗುತ್ತಿದ್ದರು. ನನ್ನ ತವರು ಲಿಂಗದಹಳ್ಳಿ. ನಮ್ಮ ಮನೆಯಲ್ಲಿ ಒಪ್ಪತ್ತೆಂದರೆ ಒಂದು ಲೋಟ ಹಾಲು, ಒಂದು ಹಣ್ಣು. ಹಾಗಾಗಿ ವಾರಕ್ಕೆರಡು ದಿನ ಅಕ್ಕನ ಹೊಟ್ಟೆ ಖಾಲಿ, ಬಂತಲ್ಲ ಲಾಭ ಎಂದು ನಾನೂ ಸುಮ್ಮನಾದೆ.

ತಿಂಗಳ ಕೊನೆಯ ಶುಕ್ರವಾರ ಅಕ್ಕ ರಜೆ ಹಾಕಿ ಕಡೂರಿಗೆ ಬರಬೇಕು, ಡಯಾಲಿಸಿಸ್ ಕೋಣೆಯ ತೂಕದ ಯಂತ್ರದ ಮೇಲೆಯೇ ನಿಲ್ಲಬೇಕು ಎಂದು ಗೊತ್ತು ಮಾಡಿದೆ. ಅಲ್ಲಿ ರೋಗಿಗಳನ್ನು ಒಳಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ತೂಗುತ್ತಾರೆ. ನಾಲ್ಕು ಗಂಟೆಯಲ್ಲಿ ಪ್ರಕಾಶ್ ಮೈಯಿಂದ ಎರಡು ಎರಡೂವರೆ ಕೆಜಿ ನೀರು ತೆಗೆಯುತ್ತಿದ್ದರು. ಮೊದಲ ತಿಂಗಳು ನಿಶ್ಚಿತಾ ಮೇಡಂ ಪಟ್ಟಿಯ ಪ್ರಕಾರ ಉಂಡ ಅಕ್ಕ ನಿಂತಾಗ ಮುಳ್ಳು ಎಂಬತ್ತೂವರೆ ತೋರಿಸಿತು.

"ಇವ್ನು ಮಲಗಿದ್ದಂಗೇ ಎರಡು ಕೆಜಿ ಇಳಿಸ್ತನೆ. ನಾನು ತಿಂಗ್ಳೆಲ್ಲಾ ಬಾಯಿ ಕಟ್ಟಿ ಅರ್ಧ ಕೆಜಿ," ಎಂದು ಅಕ್ಕ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತರು. ಊಟಕ್ಕೆ ಕರೆದರೆ, ತಮ್ಮನಿಗೆ ಕೇಳಿಸದಂತೆ ಒಪ್ಪತ್ತು ಎಂದು ಹೇಳಿ, ನೀರು ಕುಡಿದು ಬಸ್ಸು ಹತ್ತಿದರು.

ಎರಡನೆಯ ತಿಂಗಳು ನವಣೆ, ಸಾಮೆ. ಎಂಬತ್ತೊಂದೂಕಾಲು. ಫೋನಿನಲ್ಲಿ ಕೇಳಿದರೆ ಭೈರೇಶ್, ಕಾಳನ್ನು ರಾತ್ರಿಯೇ ನೆನೆಹಾಕಿಲ್ಲವೇನೋ ಎಂದರು. ಅಕ್ಕ ನೆನೆಹಾಕಿದ್ದರು. ಮೂರನೆಯ ತಿಂಗಳು ಧಾನ್ಯ ಬಂದ್, ಮೊಟ್ಟೆ, ಕೋಳಿ, ಸೊಪ್ಪು. ಅದೇ ತಿಂಗಳು ಪ್ರಕಾಶ್‌ಗೆ ಉಸಿರು ಕಟ್ಟಿದಂತಾಗಿ, ಡಯಾಲಿಸಿಸ್ ವಾರಕ್ಕೆ ಮೂರು ಸಲ ಎಂದಾಯಿತು. ಭಾನುವಾರವೂ ಸೇರಿತು. ಆ ತಿಂಗಳ ಕೊನೆಯ ಶುಕ್ರವಾರ ಅಕ್ಕನ ತೂಕ ಎಂಬತ್ತೆರಡು. ರಕ್ತದಲ್ಲಿ ಸಕ್ಕರೆ ಗಡಿ ದಾಟುವುದಕ್ಕೆ ಒಂದೆರಡು ಅಂಕಿ ಮಾತ್ರ ಬಾಕಿ. ನೋಟ್‌ಬುಕ್ಕಿನ ಹಾಳೆಗಳನ್ನು ನಾನು ಫೋಟೋ ತೆಗೆದು ಕಳಿಸಿದೆ. ನಿಶ್ಚಿತಾ ಮೇಡಂ ಫೋನ್ ಮಾಡಿ, "ಇಷ್ಟು ಕಡಿಮೆ ತಿಂದರೂ ಏರ್ತಿದೆ ಅಂದರೆ ನನಗೂ ಅರ್ಥ ಆಗ್ತಿಲ್ಲ, ಥೈರಾಯ್ಡ್ ನೋಡಿಸಿ," ಎಂದಳು. ಥೈರಾಯ್ಡ್ ಸರಿಯಾಗಿಯೇ ಇತ್ತು. ಬೆಂಗಳೂರಿನ ಡಾಕ್ಟರು ಮಾತ್ರ ಮುಚ್ಚುಮರೆಯಿಲ್ಲದೆ ಹೇಳಿದರು: ಇನ್ನೊಂದು ತಿಂಗಳು ನೋಡೋಣ, ಇಳಿಯದಿದ್ದರೆ ಅಕ್ಕನನ್ನು ಬಿಟ್ಟು ಸತ್ತವರ ಕಿಡ್ನಿಗೆ ಹೆಸರು ಬರೆಸಿ ಕಾಯಿರಿ. ಎಷ್ಟು ವರ್ಷ ಎಂದು ಕೇಳಿದೆ. ಹೇಳಲಾಗದು ಎಂದರು.

ಆಗ ನನ್ನ ತಲೆಗೆ ಬಂದ ಯೋಚನೆಯನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂದದ್ದು ಬಂತು. ಇಲ್ಲಿ ಪಥ್ಯದ ತಪ್ಪಿಲ್ಲ. ಈ ಹೆಂಗಸಿಗೆ ಕೊಡಲು ಮನಸ್ಸಿಲ್ಲ. ಬಾಯಿಬಿಟ್ಟು ಇಲ್ಲವೆಂದರೆ ಊರು ಉಗಿಯುತ್ತದೆಂದು ಕದ್ದು ತಿಂದು ತೂಕ ಏರಿಸಿಕೊಳ್ಳುತ್ತಿದ್ದಾಳೆ. ಹೀಗೆಂದುಕೊಂಡ ಮೇಲೆ ಎಲ್ಲ ಸಲೀಸಾಗಿ ಕೂಡಿಬಂತು. ಮೂರು ತಿಂಗಳಲ್ಲಿ ಮೊದಲ ಬಾರಿಗೆ ನನ್ನ ಗೊಂದಲ ಕಳೆದು ಹಾಯೆನಿಸಿತು, ಅಷ್ಟು ಕೆಟ್ಟ ಮನಸ್ಸು ನನ್ನದು.

ಮುಂದಿನ ಶುಕ್ರವಾರ ಮಧ್ಯಾಹ್ನ ಪ್ರಕಾಶ್‌ರನ್ನು ಯಂತ್ರಕ್ಕೆ ಜೋಡಿಸಿದ ಮೇಲೆ, ರಾತ್ರಿಯೊಳಗೆ ಬರುತ್ತೇನೆಂದು ಹೇಳಿ, ಬೀರೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಅಜ್ಜಂಪುರಕ್ಕೆ ಹೋದೆ. ಜಗಳಕ್ಕೆ ಬೇಕಾದ ಮಾತನ್ನೆಲ್ಲ ದಾರಿಯಲ್ಲೇ ಜೋಡಿಸಿಕೊಂಡಿದ್ದೆ. ಅಕ್ಕನ ಗಂಡ ರಂಗಪ್ಪಣ್ಣ ಜಗಲಿಯ ಮೇಲೆ ಬೀಡಿ ಸೇದುತ್ತಾ ಕೂತಿದ್ದರು.

"ಒಳಗವ್ಳೆ ಹೋಗಮ್ಮ. ಆರತಿ ಮಾಡ್ತಾವ್ಳೆ," ಎಂದರು.

ದೇವರ ಮೂಲೆಯಲ್ಲಿ ಅಕ್ಕ ಮಡಿಯುಟ್ಟು ಕೂತಿದ್ದರು. ಬೆಳಿಗ್ಗೆಯಿಂದ ನೂರೆಂಬತ್ತು ಮಕ್ಕಳಿಗೆ ಬೇಯಿಸಿ ಬಡಿಸಿ ಮುಖ ಬಾಡಿತ್ತು. ಮುಂದೆ ತಟ್ಟೆಯಲ್ಲಿ ತಂಬಿಟ್ಟಿನ ಎರಡು ಆರತಿ. ಅಕ್ಕಿಹಿಟ್ಟಿಗೆ ಬೆಲ್ಲ ಕಲಸಿ, ಮುಷ್ಟಿಗಿಂತ ದಪ್ಪ ಉಂಡೆ ಮಾಡಿ, ನಡುವೆ ಗುಳಿ ತೆಗೆದು, ತುಪ್ಪದ ಬತ್ತಿ ಹಚ್ಚಿದ್ದರು. ಬತ್ತಿ ಶಾಂತವಾಗುವವರೆಗೆ ಕಣ್ಣು ಮುಚ್ಚಿದ್ದು, ಆಮೇಲೆ ಒಂದು ಉಂಡೆ ಮುರಿದು ತಿಂದರು. ಇನ್ನೊಂದನ್ನೂ ತಿಂದರು. ಪಕ್ಕದ ಬೋಗುಣಿಯಲ್ಲಿದ್ದ ಸಬ್ಬಕ್ಕಿ ಪಾಯಸ ಕುಡಿದರು. ಮೊಸರವಲಕ್ಕಿಗೆ ಎರಡು ಬಾಳೆಹಣ್ಣು ಹಿಚುಕಿಕೊಂಡರು. ನಾನು ಬಾಗಿಲಲ್ಲಿ ನಿಂತು ಲೆಕ್ಕ ಹಾಕುತ್ತಿದ್ದೆ. ಅಕ್ಕಿಹಿಟ್ಟು, ಬೆಲ್ಲ, ಸಬ್ಬಕ್ಕಿ, ಅವಲಕ್ಕಿ, ಬಾಳೆಹಣ್ಣು. ನಿಶ್ಚಿತಾ ಮೇಡಂ ಪಟ್ಟಿಯ ಕೆಂಪು ಬಣ್ಣವನ್ನು ಮೇಲಿಂದ ಕೆಳಗೆ ಓದಿದ ಹಾಗಿತ್ತು.

"ಇದೇನಕ್ಕ ಇದು?" ನನ್ನ ದನಿ ಜಗಲಿಗೂ ಕೇಳಿಸಿರಬೇಕು.

ಅಕ್ಕ ಬೆಚ್ಚಿ ತಿರುಗಿದರು. "ಭುವನಾ? ಪ್ರಕಾಶಂಗೇನಾಯ್ತೇ?"

"ಅವ್ರಿಗೇನೂ ಆಗಿಲ್ಲ. ನೀವು ಏನ್ ತಿಂತಿದ್ದೀರಿ ಅಂತ ಕೇಳ್ದೆ."

"ಏನೂ ಇಲ್ವಲ್ಲೇ. ಇವತ್ತು ಒಪ್ಪತ್ತು. ಇದು ಪ್ರಸಾದ."

"ಎಲ್ಲಾ ಶುಕ್ರವಾರಾನೂ ಇಷ್ಟೇ?"

"ಮಂಗ್ಳಾರಾನೂ. ಈಗ ಭಾನ್ವಾರಾನೂ ಸೇರ್ಕಂತು. ಹರಕೆ ಹೊತ್ತೋಳೇ ತಿನ್ಬೇಕು, ಆರತಿ ಉಂಡೆ ಮಿಕ್ಕಿಸ್ಬಾರ್ದು. ಯಾಕೆ?"

ನೋಟ್‌ಬುಕ್ಕನ್ನು ಗೂಡಿನಿಂದ ತೆಗೆದು ನೋಡಿದೆ. ಆ ದಿನಗಳ ಎದುರು ದುಂಡಗಿನ ಅಕ್ಷರದಲ್ಲಿ 'ಏನೂ ಇಲ್ಲ' ಎಂದಿತ್ತು. ಸುಳ್ಳು ಬರೆಯುವ ಕೈ ಅಷ್ಟು ದುಂಡಗೆ ಬರೆಯುವುದಿಲ್ಲ. ಅಕ್ಕನ ಪಾಲಿಗೆ ಅದು ತಿಂದದ್ದೇ ಅಲ್ಲ. ಮುದ್ದೆ ಅನ್ನ ಮುಟ್ಟದ ದಿನ ಹೊಟ್ಟೆಗೆ ಏನು ಹೋದರೂ ಅದು ದೇವರ ಕಡೆಯದು. ತೂಕ ಇಳಿಯದಷ್ಟೂ, ತಮ್ಮನ ಆರೋಗ್ಯ ಕುಸಿದಷ್ಟೂ ಹರಕೆ ಬಿಗಿಯಾಗಿತ್ತು. ಹರಕೆ ಬಿಗಿಯಾದಷ್ಟೂ ತಂಬಿಟ್ಟು ಹೆಚ್ಚಿತ್ತು. ಮೂರು ಪಥ್ಯಗಳನ್ನು ನಾನು ಸ್ಕೇಲು ಹಿಡಿದು ಹೋಲಿಸಿದ್ದು ಬೂದಿಯಲ್ಲಿ ಹೋಮ ಮಾಡಿದ ಹಾಗಾಗಿತ್ತು.

ನೆಲದ ಮೇಲೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಅಕ್ಕ ಖಾಲಿ ಬೋಗುಣಿಯನ್ನು ಪಕ್ಕಕ್ಕೆ ಸರಿಸಿ, "ಹರಕೆ ಬಿಟ್ರೆ ಅವ್ನಿಗೇನಾರ ಆಯ್ತದೆ. ಬಿಡ್ದಿದ್ರೆ ಕೊಡೋಕಾಗಲ್ಲ. ಯಾವ್ದೇ ಮಾಡ್ಲಿ?" ಎಂದರು. ನಾನು ಆಣೆಯನ್ನು ಮುರಿದು ಪ್ರಕಾಶ್‌ಗೆ ಫೋನ್ ಹಚ್ಚಿದೆ. ಅವರು ಒಂದೇ ಮಾತಿಗೆ ಬೈದು ನಿಲ್ಲಿಸುತ್ತಾರೆ, ಈ ಹೊರೆ ನಮ್ಮ ಮೇಲಿಂದ ಇಳಿಯುತ್ತದೆ ಎಂದೇ ಎಣಿಸಿದ್ದೆ. ಸ್ಪೀಕರ್ ಹಾಕಿ ಎಲ್ಲ ಹೇಳಿದೆ. ಅತ್ತ ಕಡೆ ಯಂತ್ರದ ಸದ್ದು ಮಾತ್ರ ಕೇಳಿಸುತ್ತಿತ್ತು.

"ಲೇ ಪ್ರಕಾಶ, ಹರಕೆ ಬಿಟ್ಬಿಡ್ಲೇನೋ?" ಎಂದು ಅಕ್ಕ ಕೇಳಿದರು.

"ಅಕ್ಕ..." ಎಂದರು ನನ್ನ ಗಂಡ. "ಈಗ ಬಿಡ್ಬೇಡ ಕಣಕ್ಕ. ಭಯ ಆಯ್ತದೆ."

ಐದು ವರ್ಷ ನನಗೆ ಬುದ್ಧಿ ಹೇಳಿದ ಮನುಷ್ಯ! ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅಳು ಬಂತು. ರಕ್ತವೆಲ್ಲ ಕೊಳವೆಯೊಳಗೆ ಹರಿಯುತ್ತಿರುವಾಗ ಯಾರಿಗೆ ತಾನೇ ಧೈರ್ಯವಿರುತ್ತದೆ.

ಫೋನ್ ಇಟ್ಟ ಮೇಲೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದರು. ಹಾಗೆ ನೋಡುತ್ತಲೇ ಅವರಿಗೆ ಏನೋ ಹೊಳೆಯಿತು.

"ನಿನ್ ತೂಕ ಎಷ್ಟೇ?"

"ನಲವತ್ನಾಲ್ಕು."

"ಹಂಗಾದ್ರೆ ಹರಕೆ ನೀನು ಹೊತ್ಕ. ಮನೆಯವ್ರು ಯಾರು ಹೊತ್ರೂ ಅಮ್ಮ ಒಪ್ತಾಳೆ. ನೀನು ಮನೆಯವ್ಳಲ್ವಾ?"

ಹದಿನೇಳು ವರ್ಷದಲ್ಲಿ ಆ ಮಾತನ್ನು ಅವರ ಬಾಯಿಂದ ನಾನು ಕೇಳಿರಲಿಲ್ಲ. ನಾನು ದೇವರನ್ನು ನಂಬುತ್ತೇನೋ ಬಿಡುತ್ತೇನೋ ಇವತ್ತಿಗೂ ನನಗೆ ತಿಳಿಯದು. ಆದರೂ ಅವರು ದೇವರ ಮುಂದೆ ನಿಲ್ಲಿಸಿ, ನನ್ನ ಹೆಸರು ಹೇಳಿ, ಹಣೆಗೆ ಕುಂಕುಮವಿಟ್ಟಾಗ ಕೈ ಮುಗಿದೆ. ಅಕ್ಕ ಎದ್ದು ಹೋಗಿ, ಶುಕ್ರವಾರದ ಮುಸ್ಸಂಜೆಯಲ್ಲಿ, ಅರ್ಧ ಮುದ್ದೆ ಕಟ್ಟಿ ಸೊಪ್ಪಿನ ಸಾರಿನಲ್ಲಿ ಉಂಡರು.

ಡಾಕ್ಟರ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಬೇಡಿಕೊಂಡು ಇನ್ನೂ ಸಮಯ ತೆಗೆದುಕೊಂಡೆವು. ಅಕ್ಕ ನಿಶ್ಚಿತಾ ಮೇಡಂ ಪಟ್ಟಿಗೇ ಮರಳಿದರು, ಈ ಸಲ ಏಳೂ ದಿನ. ತಿಂಗಳಿಗೆ ಎರಡೂವರೆ ಕೆಜಿಯಂತೆ ಇಳಿಯತೊಡಗಿತು. ನವಣೆ ತಿಂದಿದ್ದರೂ ಇಳಿಯುತ್ತಿತ್ತೇನೋ, ಮೊಟ್ಟೆ ತಿಂದಿದ್ದರೂ ಇಳಿಯುತ್ತಿತ್ತೇನೋ. ಯಾವ ಪಥ್ಯ ಮೇಲೆಂದು ನನ್ನನ್ನು ಕೇಳಬೇಡಿ, ರಾಗಿಯ ಅಂಕಿ ಎಷ್ಟೆಂದು ಈಗಲೂ ನನಗೆ ಗೊತ್ತಿಲ್ಲ. ಇತ್ತ ಕಡೂರಿನಲ್ಲಿ ವಾರಕ್ಕೆ ಮೂರು ದಿನ ನಾನು ತಂಬಿಟ್ಟು ತಿಂದೆ. ಬುದ್ಧನ ಪಟದ ಕೆಳಗೇ ಆರತಿ ಹಚ್ಚುತ್ತಿದ್ದೆ. ಪ್ರಕಾಶ್ ನೋಡಿಯೂ ನೋಡದವರಂತೆ ಪತ್ರಿಕೆ ಓದುತ್ತಿದ್ದರು. ನನ್ನ ರವಿಕೆಗಳೆಲ್ಲ ಬಿಗಿಯಾದವು.

ಹಾಗೆ ಮತ್ತೆ ನಾಲ್ಕು ತಿಂಗಳಾಗುವ ಹೊತ್ತಿಗೆ ಬೆಂಗಳೂರಿನಲ್ಲಿ ಅಕ್ಕನ ತೂಕ ಎಪ್ಪತ್ತೆರಡೂವರೆ ಬಂತು. ಸಕ್ಕರೆಯೂ ಕೆಳಗಿಳಿದಿತ್ತು. ಸಾಕು, ಬರುವ ತಿಂಗಳು ಆಪರೇಷನ್ ಮಾಡೋಣ ಎಂದು ಡಾಕ್ಟರು ದಿನ ಗೊತ್ತುಮಾಡಿದರು. ಪ್ರಕಾಶ್ ಔಷಧಿ ತರಲು ಹೋದಾಗ ನಾವಿಬ್ಬರೇ ಹೊರಗಿನ ಕುರ್ಚಿಗಳಲ್ಲಿ ಕೂತಿದ್ದೆವು. ನನಗೆ ತಡೆಯಲಾಗಲಿಲ್ಲ.

"ಅಕ್ಕ, ಒಂದು ಮಾತು ಹೇಳ್ತೀನಿ, ಹೊಡೆದ್ರೆ ಹೊಡೀರಿ. ಅವತ್ತು ನಾನು ಅಜ್ಜಂಪುರಕ್ಕೆ ಬಂದಿದ್ದು ಜಗಳಕ್ಕೆ. ನಿಮಗೆ ಕೊಡೋಕೆ ಇಷ್ಟ ಇಲ್ಲ, ಬೇಕಂತಲೇ ತಿಂತಿದ್ದೀರಿ ಅಂದ್ಕೊಂಡಿದ್ದೆ."

ಅಕ್ಕ ಹೊಡೆಯಲಿಲ್ಲ. ಸಡಿಲವಾಗಿದ್ದ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡರು.

"ನಾನೂ ಅಂಗೇ ಅಂದ್ಕಂಡಿದ್ದೆ ಕಣೇ," ಎಂದರು.

ನನಗೆ ಅರ್ಥವಾಗದೆ ಅವರ ಮುಖ ನೋಡಿದೆ.

"ಹೊಟ್ಟೆ ಕುಯ್ತಾರೆ ಅಂದ್ರೆ ನಂಗೆ ಜೀವ ಹಾರೋಗ್ತಿತ್ತು. ಬಾಯಲ್ಲಿ ತಗಳಿ ಅಂದ್ಬಿಟ್ಟಿದ್ದೆ. ತಿಂಗ್ಳಾದ್ರೂ ಇಳೀಲಿಲ್ಲ, ಎರಡು ತಿಂಗ್ಳಾದ್ರೂ ಇಳೀಲಿಲ್ಲ. ಒಳಗೆಲ್ಲೋ ನಂಗೇ ಕೊಡೋ ಮನಸ್ಸಿಲ್ಲ, ಅದು ಅಮ್ಮಂಗೆ ಗೊತ್ತಾಗೋಗದೆ, ಅದ್ಕೇ ಇಳಿಸ್ತಾ ಇಲ್ಲ ಅನ್ಕಂಡು ಒಬ್ಳೇ ಕೂತು ಅಳ್ತಿದ್ದೆ. ಅದ್ಕೇ ಭಾನ್ವಾರಾನೂ ಹಿಡ್ದಿದ್ದು."

ಪ್ರಕಾಶ್ ಔಷಧಿಯ ಚೀಲ ಹಿಡಿದು ಬರುತ್ತಿರುವುದು ದೂರದಲ್ಲಿ ಕಾಣಿಸಿತು. ಅಕ್ಕ ಅವರನ್ನೇ ನೋಡುತ್ತಾ ಕಣ್ಣೊರೆಸಿಕೊಂಡರು.

"ಈಗ ಇಳೀತಲ್ಲ," ಎಂದರು. "ಮನಸ್ಸಿತ್ತು ಅಂತಾಯ್ತು, ಅಲ್ವೇನೇ?"